ಷಡ್ಡಕನ ಮಗಳ ಪಗಾರ

ಅಣ್ಣತಮ್ಮಂದಿರ ಮತ್ಸರಕ್ಕೆ ಆಸ್ತಿ ಬೇಕು, ನೆರೆಯವರ ಮತ್ಸರಕ್ಕೆ ನಡುವೆ ಒಂದು ಗೋಡೆಯಾದರೂ ಬೇಕು. ಷಡ್ಡಕರಿಗೆ ಇದಾವುದರ ಹಂಗೂ ಇಲ್ಲ. ಒಂದೇ ಮಾವನ ಮನೆಯಲ್ಲಿ ಅಕ್ಕಪಕ್ಕದ ಮಣೆಯ ಮೇಲೆ ಕೂತು, ಹೋಳಿಗೆ ಯಾರ ಎಲೆಗೆ ಮೊದಲು ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡಿದ ದಿನವೇ ಅದು ಶುರುವಾಗುತ್ತದೆ. ಹುನಗುಂದದ ಪಂಢರೀನಾಥನಿಗೆ ಬದಾಮಿಯ ಸತ್ಯಬೋಧರಾಯರ ಮೇಲೆ ಇದ್ದದ್ದು ಇಂಥ ಅಪ್ಪಟವಾದ, ಯಾವ ಕಾರಣದ ಬೆರಕೆಯೂ ಇಲ್ಲದ ಮತ್ಸರ. ಇಪ್ಪತ್ತು ವರ್ಷಗಳಿಂದ ಅದನ್ನು ಅವನು ಒಂದು ದಿನವೂ ಕೆಡದಂತೆ ಕಾಪಾಡಿಕೊಂಡು ಬಂದಿದ್ದ.

ಪಂಢರೀನಾಥ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಸತ್ಯಬೋಧರಾಯರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಪಂಢರೀನಾಥನ ಹೆಂಡತಿ ಭಾಗೀರಥೀಬಾಯಿಯ ಅಕ್ಕನ ಗಂಡ. ಅವರ ಮಗಳು ಶುಭದಾ, ಡಾಕ್ಟರರಿಗೆ ಸಹಾಯಕರಾಗುವ ಮೂರು ವರ್ಷದ ಡಿಗ್ರಿ ಓದಿ, ಮೇಲೊಂದು ವರ್ಷ ತರಬೇತಿ ಮುಗಿಸಿ, ಬಾಗಲಕೋಟೆಯ ನವನಗರದ ಖಾಸಗಿ ದವಾಖಾನೆಯೊಂದರಲ್ಲಿ ನೌಕರಿಗೆ ಸೇರಿದ್ದಳು. ಅಲ್ಲಿಯವರೆಗೂ ಪಂಢರೀನಾಥ ಸಹಿಸಿಕೊಂಡ. ಆದರೆ ಒಂದು ಬೆಳಿಗ್ಗೆ ಅವಲಕ್ಕಿಯ ತಟ್ಟೆ ಮುಂದಿರುವಾಗ ಮೊಬೈಲಿಗೆ ಒಂದು ಫೋಟೋ ಬಂತು. ಹೊಸ ಇಲೆಕ್ಟ್ರಿಕ್ ಸ್ಕೂಟರು, ಅದರ ಹ್ಯಾಂಡಲಿಗೆ ಸೇವಂತಿಗೆಯ ಮಾಲೆ, ಮೇಲೆ ಸತ್ಯಬೋಧರಾಯರು. ಕೆಳಗೆ ಬರೆದಿತ್ತು: “ಶುಭದಾ ಕೊಡಿಸಿದ್ದು. ಬ್ಯಾಡಾ ಅಂದ್ರೂ ಕೇಳಲಿಲ್ಲ.”

ಸ್ಕೂಟರನ್ನು ಅವನು ಹೇಗೋ ಕ್ಷಮಿಸುತ್ತಿದ್ದ. ‘ಬ್ಯಾಡಾ ಅಂದ್ರೂ’ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತು.

ಅದೇ ಹೊತ್ತಿಗೆ ಮಗಳು ಮಯೂರಿ ಬಂದು ಎದುರಿಗೆ ನಿಂತಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾಗಿದ್ದಳು.

“ಅಪ್ಪಾ, ನಾನೂ ಶುಭದಕ್ಕ ಓದಿದ ಡಿಗ್ರೀನ ಓದ್ತೇನಿ. ಬಾಗಲಕೋಟಿ ಕಾಲೇಜಿನಾಗ ಸೀಟ್ ಬಂದದ. ಸೋಮವಾರ ಸಂಜಿಯೊಳಗ ಫೀ ತುಂಬಬೇಕು. ಇಲ್ಲಂದ್ರ ಸೀಟು ಮುಂದಿನವರಿಗೆ ಹೋಗ್ತದ.”

“ತೂಗಿ ನೋಡ್ಬೇಕವಾ,” ಎಂದ ಪಂಢರೀನಾಥ. “ಹಾಕೋದೆಷ್ಟು, ಬರೋದೆಷ್ಟು. ಸಂಘದಾಗ ಒಂದು ಎಮ್ಮಿಗೆ ಸಾಲಾ ಕೊಡೋದಿದ್ರೂ ಹಾಲೆಷ್ಟು ಕೊಡ್ತದ ಅಂತ ಕೇಳ್ತೇವಿ.”

“ನಾ ಏನು ಎಮ್ಮಿ?”

“ಎಮ್ಮಿ ಆಗಿದ್ರ ಇಷ್ಟೊತ್ತಿಗೆ ಮಂಜೂರ ಆಗಿರ್ತಿತ್ತು,” ಎಂದಳು ಭಾಗೀರಥೀಬಾಯಿ ಅಡುಗೆಮನೆಯಿಂದ.

ಪಂಢರೀನಾಥ ತೂಗತೊಡಗಿದ. ಖರ್ಚಿನ ಕಡೆ ಫೀ, ಹಾಸ್ಟೆಲ್ಲು, ಎರಡು ಬಿಳಿ ಕೋಟು, ಬಸ್ಸಿನ ಚಾರ್ಜು ಇವೆಲ್ಲ ಸಲೀಸಾಗಿ ಕೂತವು. ಮಯೂರಿಯ ಊಟದ ಹತ್ತಿರ ಬಂದಾಗ ತಡವರಿಸಿದ. ಓದಿದರೂ ಉಣ್ಣುತ್ತಾಳೆ, ಓದದಿದ್ದರೂ ಉಣ್ಣುತ್ತಾಳೆ. ಹಾಗಾದರೆ ಅನ್ನವನ್ನು ಡಿಗ್ರಿಯ ಲೆಕ್ಕಕ್ಕೆ ಹಚ್ಚುವುದು ನ್ಯಾಯವೇ? ತರಬೇತಿಯ ವರ್ಷದ ಭತ್ಯೆಯನ್ನು ಮೊದಲು ಆದಾಯಕ್ಕೆ ಹಾಕಿದ. ಅದು ಆಕೆಯ ಕೈಖರ್ಚಿಗೇ ಹೋಗುತ್ತದೆ ಎಂದು ನೆನಪಾಗಿ ಖರ್ಚಿಗೂ ಹಾಕಿದ. ಒಟ್ಟು ಐದು ಲಕ್ಷದ ಆಸುಪಾಸಿಗೆ ಬಂದು ನಿಂತಿತು. ಆದರೆ ತಕ್ಕಡಿಯ ಇನ್ನೊಂದು ತಟ್ಟೆ ಖಾಲಿ. ಓದಿದ ಮೇಲೆ ನಿಜಕ್ಕೂ ಬರುವುದೆಷ್ಟು? ಸತ್ಯಬೋಧರಾಯರನ್ನು ಕೇಳಿದಾಗಲೆಲ್ಲ ಅವರು ಕೈ ಮೇಲೆತ್ತಿ, “ಏನೋಪಾ, ದೇವರ ದಯಾದಿಂದ ನಡದದ,” ಎನ್ನುತ್ತಿದ್ದರು. ದೇವರ ದಯೆ ತಿಂಗಳಿಗೆ ಎಷ್ಟು ಎಂದು ಲೆಕ್ಕಕ್ಕೆ ಬರೆಯುವುದು ಹೇಗೆ?

ಶುಭದಾಳಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಆಕೆ ತಂದೆಗೆ ಹೇಳುತ್ತಾಳೆ, ತಂದೆ ನಗುತ್ತಾರೆ. ಆದ್ದರಿಂದ ಗುರುವಾರ ಪಂಢರೀನಾಥ ಬಿ.ಪಿ. ಎಂದು ಸಂಘಕ್ಕೆ ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು, ಬಾಗಲಕೋಟೆಯ ಬಸ್ಸು ಹತ್ತಿದ.

ದವಾಖಾನೆಯ ಕೌಂಟರಿನಲ್ಲಿ ನರ್ಗೀಸ ಎಂಬ ಹುಡುಗಿ ಚೀಟಿ ಬರೆಯುತ್ತಿದ್ದಳು.

“ಬರ್ರಿ ಕಾಕಾ, ಯಾರಿಗಿ ತೋರಸಬೇಕ್ರಿ?”

“ತೋರ್ಸೋದೇನಿಲ್ಲವಾ. ಇಲ್ಲೆ ಶುಭದಾ ಅಂತ ಒಬ್ಬಾಕಿ ಕೆಲಸಾ ಮಾಡ್ತಾಳಲ್ಲ...”

“ಹೌದ್ರಿ, ಆಪರೇಶನ್ ಥಿಯೇಟರಿನಾಗ ಅದಾಳ. ಕರೀಲೇನ್ರಿ?”

“ಬ್ಯಾಡ, ಬ್ಯಾಡ! ಆಕಿಗೆ ಗೊತ್ತಾಗಬಾರದು. ಪಗಾರ ಎಷ್ಟದ, ನೌಕರಿ ಕಾಯಂ ಅದ ಏನು, ರಾತ್ರಿ ಡ್ಯೂಟಿ ಇರ್ತದೇನು, ಇಷ್ಟು ಕೇಳ್ಕೊಂಡು ಹೋಗೋಣಂತ ಬಂದೆ.”

ನಮ್ಮ ಭಾಗದಲ್ಲಿ ಐವತ್ತರ ಆಸುಪಾಸಿನ ಗಂಡಸೊಬ್ಬ ಇಸ್ತ್ರಿಯ ಅಂಗಿ ತೊಟ್ಟು ಬಂದು, ಲಗ್ನವಾಗದ ಹುಡುಗಿಯ ಪಗಾರವನ್ನು ಆ ಹುಡುಗಿಗೆ ಗೊತ್ತಾಗದಂತೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಆ ಅರ್ಥ ಜಿಲ್ಲೆಯಲ್ಲಿ ಪಂಢರೀನಾಥನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನರ್ಗೀಸ ಪೆನ್ನು ಕೆಳಗಿಟ್ಟಳು. ಓಢಣಿ ಸರಿಪಡಿಸಿಕೊಂಡಳು. ಔಷಧಿ ಕೌಂಟರಿನ ಕಡೆ ತಿರುಗಿ, “ಫೈಜಾನ, ಲಗೂನ ಒಂದು ಚಾ ಹೇಳು. ಶುಭದಾನ್ನ ಕೇಳಾಕ ಬಂದಾರ!” ಎಂದಳು.

“ಕೂಡ್ರಿ ಕಾಕಾ. ಯಾವೂರ್ರಿ ನಿಮ್ದು?”

“ಹುನಗುಂದ.”

“ಹೆಸರ್ರಿ?”

“ಕುಲಕರ್ಣಿ,” ಎಂದ ಪಂಢರೀನಾಥ. ಅದು ಅವನ ಹೆಸರಲ್ಲ. ಆದರೆ ಹುನಗುಂದದಲ್ಲಿ ಕುಲಕರ್ಣಿ ಎಂದರೆ ಯಾರಿಗೂ ಒಬ್ಬನನ್ನೇ ಹಿಡಿಯಲು ಸಾಧ್ಯವಿಲ್ಲ.

“ಹುಡುಗ ಏನ್ ಮಾಡ್ತಾರ್ರಿ?”

“ಯಾವ ಹುಡುಗ?”

“ಅಯ್ಯ, ನಾಚಬ್ಯಾಡ್ರಿ ಕಾಕಾ! ನಿಮ್ಮ ಮಗ.”

ಪಂಢರೀನಾಥನ ಮುಂದೆ ಈಗ ಎರಡೇ ದಾರಿ. ತಾನು ಆಕೆಯ ಸ್ವಂತ ಚಿಕ್ಕಪ್ಪ ಎಂದು ಒಪ್ಪಿಕೊಂಡರೆ ಸುದ್ದಿ ಸಂಜೆಯೊಳಗೆ ಬದಾಮಿ ಮುಟ್ಟುತ್ತದೆ. ಇಲ್ಲವಾದರೆ ಒಬ್ಬ ಮಗನನ್ನು ಹಡೆಯಬೇಕು. ಅವನು ಹಡೆದ.

“ಹುಬ್ಬಳ್ಳ್ಯಾಗ ಇದ್ದಾನ. ಬ್ಯಾಂಕಿನಾಗ.”

“ಆಫೀಸರ್ ಏನ್ರಿ?”

“ಮತ್ತ?” ಮಗನನ್ನು ಹಡೆದ ಮೇಲೆ ಅವನನ್ನು ಗುಮಾಸ್ತನಾಗಿ ಮಾಡಲು ಯಾವ ತಂದೆಗೆ ಮನಸ್ಸು ಬರುತ್ತದೆ?

“ಸ್ವಂತ ಮನಿ?”

“ಎರಡು ಮಜಲಿ. ಕೆಳಗೊಂದು, ಮ್ಯಾಲೊಂದು.”

“ವಯಸ್ಸು?”

“ಇಪ್ಪತ್ತೆಂಟು.”

ಚಹಾ ಬರುವಷ್ಟರಲ್ಲಿ ಹುಡುಗನಿಗೆ ಒಂದು ಕಾರು ಬಂದಿತ್ತು. ಚಟದ ಮಾತೆತ್ತಿದಾಗ, “ಚಾ ಸುದ್ಧಾ ಮುಟ್ಟೂದಿಲ್ಲ,” ಎಂದು ತಂದೆ ಬಿಸಿ ಬಿಸಿ ಚಹಾ ಹೀರಿದ.

“ಹಂಗಾರ ಕೇಳ್ರಿ,” ಎಂದು ನರ್ಗೀಸ ದನಿ ತಗ್ಗಿಸಿದಳು. “ಶುಭದಾಗ ಪಗಾರ ಮೂವತ್ತೈದು ಸಾವಿರ.”

“ಓವರಟೈಮ್ ಬ್ಯಾರೆ,” ಎಂದ ಫೈಜಾನ ಅತ್ತ ಕಡೆಯಿಂದ.

ಲಗ್ನದ ಮಾತಿನಲ್ಲಿ ಗೆಳತಿಯ ಪಗಾರವನ್ನು ದುಪ್ಪಟ್ಟು ಹೇಳುವುದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ, ಅದು ರೀತಿ. ಆದರೆ ಈಗಷ್ಟೇ ಹುಬ್ಬಳ್ಳಿಯಲ್ಲಿ ಬರೀ ಬಾಯಿಂದ ಎರಡು ಮಜಲಿ ಕಟ್ಟಿಸಿದ ಪಂಢರೀನಾಥನಿಗೆ, ಬೇರೆಯವರ ಬಾಯಲ್ಲಿಯೂ ಮನೆ ಕಟ್ಟುವ ಗೌಂಡಿಗಳು ಇರಬಹುದೆಂದು ಹೊಳೆಯಲಿಲ್ಲ.

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಎಲ್ಲರೂ ಕರದಂಟು ಕೊಂಡರು. ಪಂಢರೀನಾಥ ಕಿಟಕಿಗೆ ತಲೆಯಾನಿಸಿ, ತನ್ನ ಸ್ವಂತ ಪಗಾರಕ್ಕಿಂತ ಮೂವತ್ತೈದು ಸಾವಿರ ಎಷ್ಟು ಹೆಚ್ಚು ಎಂದು ಕಳೆಯುತ್ತಿದ್ದ.

ಲೆಕ್ಕದ ಪ್ರಕಾರ ಅವನು ಕುಣಿಯಬೇಕಿತ್ತು. ಹಾಕಿದ ದುಡ್ಡು ಒಂದೂವರೆ ವರ್ಷದಲ್ಲಿ ಹೊರಳಿ ಬರುವ ಇಂಥ ವ್ಯವಹಾರವನ್ನು ಅವನು ಸಂಘದಲ್ಲಿ ಕಂಡಿರಲಿಲ್ಲ. ಆದರೆ ಈಗ ಮಗಳನ್ನು ಅದೇ ಓದಿಗೆ ಸೇರಿಸುವುದೆಂದರೆ, ಸತ್ಯಬೋಧರಾಯರಿಗೆ ಈ ಬುದ್ಧಿ ನಾಲ್ಕು ವರ್ಷ ಮೊದಲೇ ಇತ್ತೆಂದು ಜಾಹೀರು ಮಾಡಿದಂತೆ.

“ಏನಾತಪ್ಪಾ?” ಎಂದು ಮಯೂರಿ ಶುಕ್ರವಾರ ಕೇಳಿದಳು.

“ಇನ್ನೂ ತೂಗ್ಲಿಕ್ಕತ್ತೇನಿ.”

“ಸೋಮವಾರ ಕಡೀ ದಿನಾ.”

“ಗೊತ್ತದ. ತಕ್ಕಡಿ ಅಳಗ್ಯಾಡ್ಲಿಕ್ಕತ್ತದ. ಮುಟ್ಟಬ್ಯಾಡ.”

ಸಂಜೆ ಬದಾಮಿಯಿಂದ ಫೋನು ಬಂತು.

“ಪಂಢರೀ, ಖುಷಿ ಸುದ್ದಿ!” ಸತ್ಯಬೋಧರಾಯರ ದನಿ ಸ್ಕೂಟರಿನ ಮೇಲೆ ಕೂತಂತಿತ್ತು. “ನಮ್ಮ ಶುಭದಾಗ ತಾವಾಗೇ ಸಂಬಂಧ ಕೇಳ್ಕೋತ ಬಂದಾರ. ಹುಡುಗ ಹುಬ್ಬಳ್ಳ್ಯಾಗ ಬ್ಯಾಂಕ್ ಮ್ಯಾನೇಜರ. ಮೂರು ಮಜಲಿ ಮನಿ!”

“ಎರಡು,” ಎಂದ ಪಂಢರೀನಾಥ.

“ಏನಂದಿ?”

“ಏನಿಲ್ಲ ರಾಯರ. ಮುಂದ ಹೇಳ್ರಿ.”

“ಹುಡುಗನ ತಂದಿ ಸ್ವತಃ ದವಾಖಾನಿಗೆ ಬಂದಿದ್ರಂತ. ಎತ್ತರ ಆಳು, ಭಾಳ ಗಂಭೀರ. ಹುಟ್ಟಾ ಶ್ರೀಮಂತ್ರು ಅನ್ನೋದು ಮಾರಿ ಮ್ಯಾಲ ಕಾಣ್ತಿತ್ತಂತ.”

ಐದಡಿ ಎರಡಂಗುಲದ ಪಂಢರೀನಾಥ ಎದುರಿನ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ.

“ನಿಮ್ಮೂರಾವ್ರ ಅಂತ, ಕುಲಕರ್ಣಿ. ನೀ ಸ್ವಲ್ಪ ವಿಚಾರಿಸಿ ಹೇಳಪಾ. ಇಂಥಾ ದೊಡ್ಡ ಮಂದಿ ನಿನಗ ಪರಿಚಯ ಇರ್ಲಿಕ್ಕಿಲ್ಲ, ಆದ್ರೂ ಕೇಳಿ ನೋಡು.”

ಫೋನಿನ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದ ಭಾಗೀರಥೀಬಾಯಿ ಸೆರಗು ಬಿಗಿದಳು. “ನೋಡ್ರಿ, ನಮ್ಮೂರಾಗ ಇಂಥಾ ಮನೆತನ ಅದ, ನಮಗ ಗೊತ್ತಿಲ್ಲ! ಅಕ್ಕನ ಮಗಳಿಗೆ ನೌಕರಿ ಅದ, ಅದಕ್ಕ ದವಾಖಾನಿ ತನಕಾ ಬಂದು ಕೇಳ್ತಾರ. ನಾಳೆ ನಮ್ಮ ಮಯೂರಿನ್ನ ಯಾರು ಕೇಳ್ತಾರ? ನೀವು ತೂಗ್ಕೋತ ಕೂಡ್ರಿ!”

ಮರುದಿನ ಬೆಳಿಗ್ಗೆ ಆ ಸುದ್ದಿ ಗೋಡೆಯ ಮೇಲಿಂದ ನೆರೆಮನೆಯ ಶಾರವ್ವನಿಗೆ ದಾಟಿತು. ಶಾರವ್ವ ಹಿಟ್ಟಿನ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಊರನ್ನೆಲ್ಲ ಜರಡಿ ಹಿಡಿದಿದ್ದಳು.

“ಬಾಯಾರ, ಎಲ್ಲಾ ಕುಲಕರ್ಣ್ಯಾರ ಮನೀಗೂ ವಿಚಾರಿಸಿ ಬಂದ್ನಿರಿ. ಒಬ್ಬರ ಮಗಾನೂ ಬ್ಯಾಂಕಿನಾಗ ಇಲ್ಲ. ಒಬ್ಬರಿಗಂತೂ ಮಗಾನ ಇಲ್ಲ. ಆದ್ರೂ ಹುಡುಗಿ ಜಾತಕಾ ಇದ್ರ ಕೊಟ್ಟ ಹೋಗು ಅಂದ್ರು.”

“ಮತ್ತ ಆ ಎತ್ತರದಾವ್ರು ಯಾರು?”

“ಎತ್ತರದಾವ್ರು ಈ ಊರಾಗ ನೀರಿನ ಟಾಕಿ ಬಿಟ್ರ ಯಾರೂ ಇಲ್ರಿ.”

ಈ ನಡುವೆ ಪಂಢರೀನಾಥನಿಗೆ ಒಂದು ವಿಚಿತ್ರ ಸಂಕಟ ಶುರುವಾಗಿತ್ತು. ಕಾರಿರುವ, ಚಹಾ ಸಹ ಮುಟ್ಟದ, ಮನೆಯಿರುವ ಆ ಹುಡುಗ ಸತ್ಯಬೋಧರಾಯರ ಅಳಿಯನಾಗುವುದನ್ನು ನೆನೆದರೆ ಎದೆಯಲ್ಲಿ ಕೊಳ್ಳಿಯಿಟ್ಟಂತಾಗುತ್ತಿತ್ತು. ಹುಡುಗ ಇಲ್ಲವೆಂಬುದು ಜಗತ್ತಿನಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು. ಆದರೂ ಅವನಿಗೆ ಸಮಾಧಾನವಿಲ್ಲ. ಇಲ್ಲದ ಹುಡುಗನಾದರೇನು, ಅವನನ್ನು ಷಡ್ಡಕನಿಗೆ ಯಾಕೆ ಕೊಡಬೇಕು? ಶನಿವಾರ ಮಧ್ಯಾಹ್ನ ತಾನೇ ಬದಾಮಿಗೆ ಫೋನು ಹಚ್ಚಿದ.

“ರಾಯರ, ವಿಚಾರಿಸಿದೆ. ಹುಡುಗಗ ಸಿಟ್ಟು ಭಾಳ ಅಂತ.”

“ಮ್ಯಾನೇಜರಗ ಸಿಟ್ಟು ಇರಬೇಕಪಾ. ಇಲ್ಲಂದ್ರ ಸಾಲಾ ವಸೂಲಿ ಹೆಂಗ ಮಾಡ್ತಾನ?”

“ತಲ್ಯಾಗ ಒಂದು ಕೂದಲಿಲ್ಲಂತ.”

“ಬುದ್ಧಿವಂತ ಇರ್ಬೇಕು.”

“ಮನಿ ಮ್ಯಾಲ ಸಾಲ ಅದ!”

“ಮೂರೂ ಮಜಲಿ ಮ್ಯಾಲೇನು?”

“ಮೂರಲ್ಲ, ಎರಡು! ಮತ್ತ ತಂದಿ ಏನೂ ಎತ್ತರ ಇಲ್ಲ!”

ಆಚೆಯಿಂದ ಗಣಿತದ ಮಾಸ್ತರರ ದನಿ ಬಂತು. “ಪಂಢರೀ, ಉತ್ತರ ಸಿಕ್ತು ನನಗ. ಆ ಹುಡುಗನ್ನ ನೀ ಮಯೂರಿ ಸಲುವಾಗಿ ಹಿಡದಿಡ್ಲಿಕ್ಕತ್ತೀ. ಅದಕ್ಕ ಹಿಂಗ ತಪ್ಪು ಹುಡುಕಿ ಹೆಸರಿಡ್ತೀ. ನಾಳೆ ರವಿವಾರ ನಾನೇ ಬರ್ತೇನಿ. ಶುಭದಾ ಬರ್ತಾಳ. ಅವರನ್ನ ಕಣ್ಣಾರೆ ನೋಡಿದ ಹುಡುಗಿ ನರ್ಗೀಸ ಅಂತ ಇದ್ದಾಳ, ರವಿವಾರ ಇಳಕಲ್ಲಿಗೆ ತನ್ನ ಮನೀಗೆ ಬರಾಕಿ. ಆಕಿನ್ನೂ ನಿಮ್ಮೂರಾಗ ಇಳಿಸ್ಕೋತೇವಿ. ಆಕೀನ ಅವರನ್ನ ಗುರ್ತಾ ಹಿಡೀಲಿ.”

ಭಾನುವಾರ ಬೆಳಿಗ್ಗೆ ಊರು ಬಿಟ್ಟು ಹೋಗಲು ಪಂಢರೀನಾಥ ಚೀಲ ಹಿಡಿದ. “ಅಕ್ಕನ ಗಂಡ ಬರೋ ದಿನಾ ಎಲ್ಲಿಗೆ?” ಎಂದು ಭಾಗೀರಥೀಬಾಯಿ ಚೀಲ ಕಸಿದುಕೊಂಡಳು. ಕೊನೆಗೆ ಉಳಿದದ್ದು ಒಂದೇ ಉಪಾಯ. ಅತಿಥಿಗಳು ಬಂದಾಗ ಅವನು ಪಡಸಾಲೆಯ ಮೂಲೆಯಲ್ಲಿ, ಕಣ್ಣೆರಡು ಬಿಟ್ಟು ತಲೆಮುಖಕ್ಕೆಲ್ಲ ಉಣ್ಣೆಯ ಮಫ್ಲರು ಸುತ್ತಿಕೊಂಡು ಕೂತಿದ್ದ. ಹೊರಗೆ ಹುನಗುಂದದ ಬಿಸಿಲು ಹಂಚು ಕಾಯಿಸುತ್ತಿತ್ತು.

“ಏನಾತೋ ನಿನಗ?” ಎಂದರು ಸತ್ಯಬೋಧರಾಯರು.

“ಹಲ್ಲು,” ಎಂದಿತು ಮಫ್ಲರು.

ಅಲ್ಲಿಗೆ ಅದು ನಿಲ್ಲಬೇಕಿತ್ತು. ಆದರೆ ಬಂದವಳು ನಾಲ್ಕು ವರ್ಷ ಇದನ್ನೇ ಓದಿದವಳು.

“ಕಾಕಾ, ಬಾವು ಬಂದದೇನು? ತಗೀರಿ, ನೋಡ್ತೇನಿ.”

“ಬ್ಯಾಡವಾ, ತಾನಾಗೇ ಹೋಗ್ತದ.”

“ಎಲ್ಲಾ ಪೇಶಂಟೂ ಹಿಂಗ ಅಂತಾರ. ಮಯೂರಿ, ಕೈ ಹಿಡಿ.” ಶುಭದಾ ಪಂಢರೀನಾಥನ ಗಲ್ಲಕ್ಕೆ ಕೈಹಾಕಿ, ಬ್ಯಾಂಡೇಜು ಬಿಚ್ಚುವ ವೇಗದಲ್ಲಿ ಮಫ್ಲರು ಬಿಚ್ಚಿದಳು. ಬಾಗಿಲಲ್ಲಿ ನಿಂತಿದ್ದ ನರ್ಗೀಸ ಕೈತಟ್ಟಿದಳು.

“ಅಯ್ಯ, ಇವರ ನೋಡ್ರಿ ಹುಡುಗನ ತಂದಿ!”

ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಭಾಗೀರಥೀಬಾಯಿ ನಿಂತಳು. “ಯಾವ ಹುಡುಗನ ತಂದಿ?”

“ಇವರ ಮಗಾರೀ! ಹುಬ್ಬಳ್ಳ್ಯಾಗ ಬ್ಯಾಂಕಿನಾಗ ಅದಾರಲ್ರಿ, ಎರಡು ಮಜಲಿ ಮನಿ. ಇಪ್ಪತ್ತೆಂಟು ವರ್ಷದವ್ರು.”

“ಇಪ್ಪತ್ತೆಂಟು,” ಎಂದಳು ಭಾಗೀರಥೀಬಾಯಿ ನಿಧಾನವಾಗಿ. “ನಮ್ಮ ಲಗ್ನಾಗಿ ಇಪ್ಪತ್ತು.”

ಗೋಡೆಯ ಮೇಲೆ ಬರೀ ತಲೆ ಇಟ್ಟಿದ್ದ ಶಾರವ್ವ ಈಗ ಇಡಿಯಾಗಿ ಅಂಗಳಕ್ಕೆ ಬಂದಳು.

“ವರ್ಷಾ ವರ್ಷಾ ಆಡಿಟ್ ಅಂತ ಹುಬ್ಬಳ್ಳಿಗೆ ಹೋಗೋದು ಇದಕ್ಕೇನು?” ಎಂದು ಭಾಗೀರಥೀಬಾಯಿ ಗಂಡನ ಕಡೆ ತಿರುಗಿದಳು. “ ಆಕಿಗೆ ಎರಡು ಮಜಲಿ ಮನಿ! ಇಲ್ಲೆ ನಾ ಬಚ್ಚಲಕ್ಕ ಒಂದು ಬಾಗಲಾ ಮಾಡಸ್ರಿ ಅಂದ್ರ ರೊಕ್ಕಿಲ್ಲ!”

“ನಾ ಅವತ್ತ ಅಂದಿದ್ನಿರಿ ಬಾಯಾರ, ಸಾಹೇಬ್ರು ಭಾಳ ಸುಮ್ನಿರ್ತಾರ ಅಂತ,” ಎಂದಳು ಯಾವತ್ತೂ ಹಾಗೆ ಅಂದಿರದ ಶಾರವ್ವ.

ಸತ್ಯಬೋಧರಾಯರು ಷಡ್ಡಕನನ್ನು ಹೊಸದಾಗಿ ನೋಡುವವರಂತೆ ನೋಡಿದರು. “ಪಂಢರೀ... ಬ್ಯಾಂಕ್ ಮ್ಯಾನೇಜರ ಮಗ ಇದ್ದಾನ, ಒಂದು ದಿನಾ ಹೇಳಲಿಲ್ಲಲ್ಲೋ!” ಅವರ ದನಿಯಲ್ಲಿ ಎಷ್ಟು ನೋವಿತ್ತೆಂದರೆ, ಒಂದು ಕ್ಷಣ ಪಂಢರೀನಾಥನಿಗೆ ಮಗನನ್ನು ಅಲ್ಲಗಳೆಯಲೋ ಬೇಡವೋ ಎಂಬ ಯೋಚನೆ ಬಂತು. ಆದರೆ ಭಾಗೀರಥೀಬಾಯಿ ತಟ್ಟೆ ಕೆಳಗಿಟ್ಟು ಸವುಟು ಮಾತ್ರ ಕೈಯಲ್ಲಿ ಉಳಿಸಿಕೊಂಡಿದ್ದಳು.

“ಯಾವ ಮಗಾನೂ ಇಲ್ಲ! ಮನೀನೂ ಇಲ್ಲ!” ಎಂದು ಕೂಗಿದ. “ನಾ ಹೋಗಿದ್ದು ಶುಭದಾನ ಪಗಾರ ಕೇಳ್ಲಿಕ್ಕೆ! ಮಯೂರಿಗೆ ಆ ಡಿಗ್ರಿ ಓದಿಸಿದ್ರ ಗಿಟ್ಟತದೋ ಇಲ್ಲೋ ಅಂತ ತೂಗ್ಲಿಕ್ಕೆ! ಈ ಹುಡುಗಿ ಮಗಾ ಏನ್ ಮಾಡ್ತಾನ ಅಂತ ಕೇಳಿದ್ಲು, ನಾ ಏನ್ ಹೇಳಬೇಕು?”

ಮೊದಲು ನಕ್ಕವಳು ಶುಭದಾ. “ಕಾಕಾ, ಒಂದು ಫೋನ್ ಮಾಡಿದ್ರ ಹೇಳ್ತಿದ್ದೆ. ಹದಿನೆಂಟು ಸಾವಿರ. ಸ್ಕೂಟರಿನ ಕಂತು ಅರ್ಧಾ ನಾ ಕಟ್ತೇನಿ, ಅರ್ಧಾ ಅಪ್ಪಾ ಕಟ್ತಾರ.”

ಸತ್ಯಬೋಧರಾಯರು ಛಾವಣಿ ನೋಡಿದರು.

“ಮೂವತ್ತೈದು ಅಂದ್ಲಲ್ಲ ಈಕಿ?”

“ಲಗ್ನದ ಮಾತಿನಾಗ ಹಂಗ ಹೇಳ್ತಾರ್ರಿ ಕಾಕಾ,” ಎಂದಳು ನರ್ಗೀಸ. “ನೀವು ಎರಡು ಮಜಲಿ ಅಂದ್ರಿಲ್ಲ?”

ಶುಭದಾ ತಂಗಿಯ ಕಡೆ ತಿರುಗಿದಳು. “ಖರೆ ಹೇಳ್ತೇನಿ ಮಯೂರಿ. ದಿನಾಪೂರ್ತಿ ನಿಂತಿರ್ಬೇಕು. ಮೊದಲ ಎರಡು ವರ್ಷ ಪಗಾರ ಇಷ್ಟ. ಆಮ್ಯಾಲ ಕೈ ಪಳಗಿದ್ರ ಬೆಳೀತದ. ಆದ್ರ ನಾ ಕೈಯಾಗ ಹಿಡಿದ ಟ್ರೇದಿಂದ ಡಾಕ್ಟರು ಕೇಳೂಕಿಂತ ಮೊದಲ ಬೇಕಾದ್ದು ಎತ್ತಿ ಕೊಟ್ಟಾಗ, ಆ ಖುಷಿನ ಬ್ಯಾರೆ.”

“ನಂಗ ಅದ ಬೇಕು,” ಎಂದಳು ಮಯೂರಿ.

ಆದರೆ ಪಂಢರೀನಾಥ ಅದನ್ನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹದಿನೆಂಟು ಎಂಬ ಅಂಕಿ ಅವನ ಹೊಟ್ಟೆಯಲ್ಲಿ ತಣ್ಣಗೆ ಮಜ್ಜಿಗೆಯಂತೆ ಇಳಿಯುತ್ತಿತ್ತು. ಬರೀ ಹದಿನೆಂಟು! ಅರ್ಧ ಸ್ಕೂಟರು! ಆ ಆನಂದದಲ್ಲೇ ತೀರ್ಪು ಕೊಟ್ಟ. “ತೂಗಿಯಾತು. ಗಿಟ್ಟೂದಿಲ್ಲ. ಬ್ಯಾಡ.”

ಮಯೂರಿ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದಳು. ಪಡಸಾಲೆಯಲ್ಲಿ ಉಪ್ಪಿಟ್ಟು ಆರತೊಡಗಿತು.

ಆಗ ಸತ್ಯಬೋಧರಾಯರು ಬಾಯಿ ಬಿಟ್ಟರು. ಬಿಡದಿದ್ದರೆ ಅವರಿಗೇ ಒಳಿತಾಗುತ್ತಿತ್ತು.

“ಬರೋಬರಿ ಅದ ಪಂಢರೀ. ಬ್ಯಾಡ ಅಂದದ್ದು ಛೊಲೊ ಆತು. ಇಬ್ಬರೂ ಒಂದ ಡಿಗ್ರಿ ಓದಿ ಏನ್ ಮಾಡೋದು? ಅದರಾಗೂ ಮಯೂರಿಗೆ ಬಂದಿರೋದು ಆ ದೊಡ್ಡ ಕಾಲೇಜಿನ ಸೀಟು. ಅಲ್ಲೆ ಕಲತವರನ್ನ ಹುಬ್ಬಳ್ಳಿ, ಬೆಳಗಾವಿ ದವಾಖಾನ್ಯಾವ್ರು ಬಂದು ಆರಿಸ್ಕೊಂಡು ಹೋಗ್ತಾರಂತ. ಸುಮ್ನ ತ್ರಾಸು. ಶುಭದಾಗ ಅಲ್ಲೆ ಸೀಟು ಸಿಗಲಿಲ್ಲ, ಬ್ಯಾರೆ ಕಡೆ ಓದಿಸಿದಿವಿ. ನಾವೇನು ಸತ್ತೀವೇನು?”

ಪಂಢರೀನಾಥ ಕತ್ತೆತ್ತಿದ. ಆ ದನಿ ಅವನಿಗೆ ಚಿರಪರಿಚಿತವಾಗಿತ್ತು. ಇಪ್ಪತ್ತು ವರ್ಷ ತನ್ನ ಗಂಟಲಿನಿಂದಲೇ ಹೊರಟದ್ದನ್ನು ಈಗ ಮೊದಲ ಸಲ ಎದುರಿನವರ ಗಂಟಲಿನಲ್ಲಿ ಕೇಳುತ್ತಿದ್ದ.

“ಏನಂದ್ರಿ ರಾಯರ? ಶುಭದಾಗ ಅಲ್ಲೆ ಸೀಟು ಸಿಗಲಿಲ್ಲಾ?”

“ಆ ವರ್ಷ... ಭಾಳ ಮಂದಿ ಇದ್ರು.”

“ಮಯೂರಿಗೆ ಮೊದಲನೇ ಲಿಸ್ಟಿನಾಗ ಬಂದದ!”

“ಅದ ಅಂತೇನಿ, ಸುಮ್ನ ಯಾಕ...”

“ಮಯೂರೀ!” ಪಂಢರೀನಾಥ ಬಾಗಿಲು ಬಡಿದ. “ಬಾ ಹೊರಗ! ನಾಳೆ ಮೊದಲನೇ ಬಸ್ಸಿಗೆ ಹೋಗಿ ಫೀ ತುಂಬೋಣ!”

“ಇನ್ನೊಮ್ಮೆ ತೂಗಿ ನೋಡಪಾ,” ಎಂದರು ಸತ್ಯಬೋಧರಾಯರು.

“ನೋಡ್ಲಿಕ್ಕತ್ತೇನಿ,” ಎಂದ ಪಂಢರೀನಾಥ ಅವರ ಮುಖವನ್ನೇ ನೋಡುತ್ತ. “ಭಾಳ ಗಿಟ್ಟತದ.”

ಸೋಮವಾರ ಹನ್ನೊಂದು ಗಂಟೆಗೆ ಫೀ ತುಂಬಿ, ಕಾಲೇಜಿನ ಮೆಟ್ಟಿಲ ಮೇಲೆ ನಿಂತೇ ಅವನು ಬದಾಮಿಗೆ ಫೋನು ಹಚ್ಚಿದ. “ತುಂಬಿದೆ ರಾಯರ!” ಎಂದು ಹೇಳಿ, ಆ ಕಡೆಯ ನಿಟ್ಟುಸಿರನ್ನು ಮನದಣಿಯೆ ಕೇಳಿ, ಫೋನಿನ ಸ್ಪೀಕರು ಹಾಕಿ ಮಗಳ ಕೈಗಿತ್ತ.

“ಕಾಕಾ,” ಎಂದಳು ಮಯೂರಿ, “ಶುಭದಕ್ಕನ ಹಳೇ ಪುಸ್ತಕ ಇದ್ರ ಕೊಡ್ತೀರೇನು? ನಾ ಬಂದು ಒಯ್ತೇನಿ.”

“ಇಲ್ಲವಾ. ಎಲ್ಲಾ ರದ್ದಿಗೆ ಹಾಕೇವಿ.”

“ಎಲ್ಲಿ ರದ್ದಿ?” ಎಂದು ಹಿಂದಿನಿಂದ ರಾಯರ ಹೆಂಡತಿಯ ದನಿ ಕೇಳಿತು. “ಅಟ್ಟದ ಮ್ಯಾಲ ಅವ ಅಲ್ಲ, ಗಂಟು ಕಟ್ಟಿ...”

ಫೋನು ಕಟ್ಟಾಯಿತು.

ಅಪ್ಪ ಸಿಡಿಯುತ್ತಾನೆಂದು ಮಯೂರಿ ಅಂಜುತ್ತ ನೋಡಿದಳು. ಪಂಢರೀನಾಥನ ಮುಖ ಹಬ್ಬದ ಮನೆಯಂತೆ ಬೆಳಗುತ್ತಿತ್ತು.

“ಕೇಳಿದಿ? ಅಟ್ಟದ ಮ್ಯಾಲ ಇಟಗೊಂಡು ಕೊಡವಲ್ರು! ನಮಗ! ಇಟಗೊಂಡು ಕೊಡವಲ್ರು!”

“ಮತ್ತ ಪುಸ್ತಕಾ ಅಪ್ಪಾ?”

“ಹೊಸಾವು! ಏಕದಂ ಹೊಸಾವು! ನಡಿ.”

ಪುಸ್ತಕದಂಗಡಿಯವನು ಗಂಟು ಕಟ್ಟಿ ಬೆಲೆ ಹೇಳಲು ಬಾಯಿ ತೆರೆದ. ಎಮ್ಮೆಯ ಹಾಲನ್ನೂ ಅಳೆದು ಸಾಲ ಕೊಡುವ ಸಂಘದ ಲೆಕ್ಕಿಗ ಕೈ ಅಡ್ಡ ಹಿಡಿದು, “ರೇಟ್ ಇರ್ಲಿ,” ಎಂದ. “ಮೊದಲು ಒಂದು ಫೋಟೋ ತಗೀರಿ. ಬದಾಮಿಗೆ ಕಳಸೋದದ.”